ಸೀಸಿಯಂ ಅಂತರ್ಜಲಕ್ಕೆ ಇಳಿಯದಿರುವುದೇಕೆ?

ಪ್ರಶ್ನೆ: ಫುಕುಶಿಮಾದ ಅಣು ದುರಂತದ ನಂತರ ಹೊಲಗದ್ದೆಗಳ ಮೇಲ್ಮಣ್ಣನ್ನಷ್ಟೇ ಕೆರೆದು ತೆಗೆದರು ಎಂದು ಓದಿದೆ. ಮಳೆ ಬಂದಾಗ ವಿಕಿರಣಶೀಲ ವಸ್ತು ನೀರಿನ ಜೊತೆ ಇಳಿದು ಅಂತರ್ಜಲ ಸೇರುವುದಿಲ್ಲವೇ? ಜೇಡಿಮಣ್ಣು ಅದನ್ನು ಹೀರಿಕೊಳ್ಳುತ್ತದೆ ಎನ್ನುತ್ತಾರಲ್ಲ, ಅದು ಹೇಗೆ?

ಉತ್ತರ: ನಿಮ್ಮ ಸಂದೇಹ ಸಹಜವಾದದ್ದೇ. ಅಲ್ಲಿನ ಮುಖ್ಯ ಮಾಲಿನ್ಯಕಾರಿ ಸೀಸಿಯಂ. ಅದರ ಲವಣಗಳು ನೀರಿನಲ್ಲಿ ಸುಲಭವಾಗಿ ಕರಗುತ್ತವೆ. ಹಾಗಿದ್ದ ಮೇಲೆ ನಾಲ್ಕು ಮಳೆಗೆ ಅದು ಕೆಳಗಿಳಿದು ಹೋಗಬೇಕಿತ್ತು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ 2011ರ ಮಾರ್ಚ್‌ನಲ್ಲಿ ನೆಲಕ್ಕೆ ಬಿದ್ದ ಸೀಸಿಯಂನ ಬಹುಪಾಲು ಮೇಲಿನ ಸುಮಾರು 5 ಸೆಂಟಿಮೀಟರ್ ಮಣ್ಣಿನಲ್ಲೇ ನಿಂತುಬಿಟ್ಟಿತು. ಅದನ್ನು ಹಿಡಿದು ನಿಲ್ಲಿಸಿದ್ದು ಮಣ್ಣಿನಲ್ಲಿರುವ ಜೇಡಿ ಖನಿಜಗಳು.

ಜೇಡಿ ಖನಿಜದ ಕಣ ಬಹಳ ಸಣ್ಣದು. ಒಂದು ಮಿಲಿಮೀಟರಿನ 500ನೇ ಒಂದು ಭಾಗಕ್ಕಿಂತಲೂ ಕಿರಿದು. ಅದರೊಳಗೆ ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕಗಳಿಂದಾದ ತೆಳು ಹಾಳೆಗಳು ಒಂದರ ಮೇಲೊಂದು ಕೂತಿರುತ್ತವೆ. ಕೆಲವು ಕಡೆ ಸಿಲಿಕಾನ್ ಇರಬೇಕಾದ ಜಾಗದಲ್ಲಿ ಅಲ್ಯೂಮಿನಿಯಂ ಬಂದು ಕೂತಿರುತ್ತದೆ. ಅದರ ಧನಾವೇಶ ಒಂದು ಕಡಿಮೆ. ಹೀಗಾಗಿ ಹಾಳೆಗೆ ಒಟ್ಟಾರೆ ಋಣಾವೇಶ ಬರುತ್ತದೆ. ಆ ಕೊರತೆ ತುಂಬಲು ಪೊಟ್ಯಾಸಿಯಂ, ಕ್ಯಾಲ್ಸಿಯಂನಂಥ ಧನ ಅಯಾನುಗಳು ಹಾಳೆಗಳ ನಡುವೆ ಬಂದು ನಿಲ್ಲುತ್ತವೆ. ಅನೇಕ ಜೇಡಿಗಳಲ್ಲಿ ಇವು ಒಂದು ಹೋಗಿ ಇನ್ನೊಂದು ಬರುತ್ತಿರುತ್ತವೆ. ಹಾಕಿದ ಗೊಬ್ಬರವನ್ನು ನಮ್ಮ ಎರೆಮಣ್ಣು ಚೆನ್ನಾಗಿ ಹಿಡಿದಿಡುವುದೂ, ಕೆಂಪುಮಣ್ಣು ಅಷ್ಟಾಗಿ ಹಿಡಿಯದಿರುವುದೂ ಬಹುಮಟ್ಟಿಗೆ ಈ ಕಾರಣಕ್ಕೇ. ಎರಡರಲ್ಲಿರುವ ಜೇಡಿಯ ಜಾತಿ ಬೇರೆ.

ಇಷ್ಟೇ ಆಗಿದ್ದರೆ ಸೀಸಿಯಂ ಬಂದ ಹಾಗೆಯೇ ಹೋಗಿಬಿಡಬಹುದಿತ್ತು. ನಿಜವಾದ ಹಿಡಿತ ಇರುವುದು ಅಭ್ರಕದಿಂದ ಹುಟ್ಟಿದ ಜೇಡಿಯಲ್ಲಿ. ಫುಕುಶಿಮಾದ ಬೆಟ್ಟಗಳಲ್ಲಿ ಗ್ರಾನೈಟ್ ಹೇರಳ. ಅದರಲ್ಲಿರುವ ಕಪ್ಪು ಅಭ್ರಕ, ಅಂದರೆ ಬಯೊಟೈಟ್, ಬಿಸಿಲುಮಳೆಗೆ ಶಿಥಿಲವಾಗುತ್ತಾ ಬರುತ್ತದೆ. ಹಾಳೆಗಳ ನಡುವಿನ ಪೊಟ್ಯಾಸಿಯಂ ಮೊದಲು ಅಂಚಿನಿಂದ ಹೊರಟುಹೋಗುತ್ತದೆ. ಆಗ ಹಳೆಯ ಪುಸ್ತಕದ ಹಾಳೆಗಳು ಅಂಚಿನಲ್ಲಿ ಬಿಚ್ಚಿಕೊಂಡು ಒಳಗೆ ಬಿಗಿಯಾಗಿಯೇ ಉಳಿದಂತೆ, ಕಣದ ಅಂಚೂ ಬೆಣೆಯಾಕಾರದಲ್ಲಿ ತೆರೆದುಕೊಳ್ಳುತ್ತದೆ. ಕ್ಯಾಲ್ಸಿಯಂ ತನ್ನ ಸುತ್ತ ನೀರಿನ ಅಣುಗಳನ್ನು ಗಟ್ಟಿಯಾಗಿ ಕಟ್ಟಿಕೊಂಡಿರುವುದರಿಂದ ಆ ಸಂದಿಯ ಆಳಕ್ಕೆ ಹೋಗಲಾರದು. ಸೀಸಿಯಂ ಮಾತ್ರ ನೀರನ್ನು ಸುಲಭವಾಗಿ ಬಿಟ್ಟುಕೊಟ್ಟು ಒಳಗೆ ನುಗ್ಗುತ್ತದೆ. ಹಾಳೆಯ ಮೈಮೇಲಿನ ಆರು ಮೂಲೆಯ ಗುಳಿಯಲ್ಲಿ ಅದು ಸರಿಯಾಗಿ ಕೂರುತ್ತದೆ. ಹಾಳೆಗಳು ಮತ್ತೆ ಮುಚ್ಚಿಕೊಂಡರಂತೂ ಎಷ್ಟು ನೀರಿನಲ್ಲಿ ತೊಳೆದರೂ ಹೊರಬರುವುದಿಲ್ಲ.

ಇಂಥ ಸಂದಿಗಳು ಮಣ್ಣಿನಲ್ಲಿ ಕಡಿಮೆಯೇ. ಆದರೂ ಸಾಕಾಗುತ್ತವೆ, ಏಕೆಂದರೆ ಬಿದ್ದ ಸೀಸಿಯಂನ ತೂಕವೇ ಅತ್ಯಲ್ಪ. ಒಂದೇ ಒಂದು ಗ್ರಾಂ ಸೀಸಿಯಂ-137ರಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 3 ಲಕ್ಷ ಕೋಟಿ ಪರಮಾಣುಗಳು ಕ್ಷಯಿಸುತ್ತವೆ. ಭಯ ಹುಟ್ಟಿಸುವಷ್ಟು ವಿಕಿರಣಕ್ಕೆ ಕಣ್ಣಿಗೆ ಕಾಣದಷ್ಟು ವಸ್ತು ಸಾಕು.

ಇಲ್ಲೊಂದು ತಪ್ಪು ಕಲ್ಪನೆಗೆ ಎಡೆಯಿದೆ. ಜೇಡಿ ಹೀರಿಕೊಳ್ಳುವುದು ವಸ್ತುವನ್ನು, ಅದರ ವಿಕಿರಣವನ್ನಲ್ಲ. ಸಂದಿಯಲ್ಲಿ ಸಿಕ್ಕಿಬಿದ್ದ ಸೀಸಿಯಂ-137 ಮೊದಲಿನಷ್ಟೇ ಗಾಮಾ ಕಿರಣ ಸೂಸುತ್ತಿರುತ್ತದೆ. ಅದು ಅರ್ಧಕ್ಕಿಳಿಯಲು ಸುಮಾರು 30 ವರ್ಷ ಬೇಕು, ಮಣ್ಣು ಆ ಲೆಕ್ಕವನ್ನು ಒಂದು ದಿನವೂ ತಗ್ಗಿಸಲಾರದು. ಮೇಲ್ಮಣ್ಣನ್ನು ಕೆರೆದು ಸಾಗಿಸಬೇಕಾಗಿ ಬಂದದ್ದು ಅದಕ್ಕೇ.

ಎಲ್ಲ ವಿಕಿರಣಶೀಲ ಧಾತುಗಳೂ ಹೀಗೆ ಸೆರೆ ಸಿಗುವುದಿಲ್ಲ ಎಂಬುದನ್ನೂ ಗಮನಿಸಿ. ಸ್ಟ್ರಾನ್ಷಿಯಂ-90 ಗುಣದಲ್ಲಿ ಕ್ಯಾಲ್ಸಿಯಂನ ಹತ್ತಿರದ್ದು. ಜೇಡಿಯ ಮೇಲೆ ನಿಂತರೂ, ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಜಾಗ ಬಿಟ್ಟು ಅಂತರ್ಜಲದ ಜೊತೆ ಸಾಗುತ್ತದೆ. ಅಯೋಡಿನ್-129 ಸಾಮಾನ್ಯವಾಗಿ ಋಣ ಅಯಾನಾಗಿರುವುದರಿಂದ ಜೇಡಿಯ ಹಾಳೆ ಅದನ್ನು ದೂರ ತಳ್ಳುತ್ತದೆ. ಅಂತರ್ಜಲದ ಬಗ್ಗೆ ನಿಮಗಿರುವ ಆತಂಕ ಇವುಗಳ ವಿಷಯದಲ್ಲಿ ಸರಿಯಾದದ್ದೇ.

ಸೀಸಿಯಂ ಕೂಡ ಜೇಡಿ ಕಡಿಮೆ ಇರುವಲ್ಲಿ ಹತೋಟಿಗೆ ಸಿಗುವುದಿಲ್ಲ. 1986ರ ಚೆರ್ನೋಬಿಲ್ ದುರಂತದ ಬಳಿಕ ಉಕ್ರೇನ್ ಮತ್ತು ಬೆಲಾರೂಸ್‌ನ ಜೌಗು ನೆಲಗಳಲ್ಲಿ, ಅರೆಕೊಳೆತ ಸಸ್ಯಭಾಗಗಳೇ ತುಂಬಿದ ಮಣ್ಣಿನಿಂದ ಅದು ವರ್ಷಗಟ್ಟಲೆ ಹುಲ್ಲಿಗೂ, ಹುಲ್ಲಿನಿಂದ ಹಾಲಿಗೂ ಬರುತ್ತಿತ್ತು. ಫುಕುಶಿಮಾದ ಭತ್ತದ ರೈತರು ಗದ್ದೆಗೆ ಹೆಚ್ಚುವರಿ ಪೊಟ್ಯಾಷ್ ಹಾಕಿದ್ದೂ ಬೇರಿಗೆ ಸೀಸಿಯಂನ ಬದಲು ಪೊಟ್ಯಾಸಿಯಂ ಸಿಗಲಿ ಎಂದೇ.

ಮಳೆ ಜೋರಾದಾಗ ಏನಾಗುತ್ತದೆ? ಸೀಸಿಯಂ ಕರಗಿ ಇಳಿಯುವುದಕ್ಕಿಂತ ಹೆಚ್ಚಾಗಿ, ತನ್ನನ್ನು ಹಿಡಿದ ಜೇಡಿ ಕಣದ ಸಮೇತ ಕೊಚ್ಚಿಹೋಗುತ್ತದೆ. ಹಾಗಾಗಿ ಅಲ್ಲಿ ಚಂಡಮಾರುತ ಬಂದಾಗ ನದಿಗಳ ಕೆಸರುನೀರಿನ ಮೇಲೆ ನಿಗಾ ಇಡಬೇಕಾಯಿತು.

ಕೆರೆದು ತೆಗೆದ ಮಣ್ಣಿನಲ್ಲಿ ಸುಮಾರು 1.4 ಕೋಟಿ ಘನ ಮೀಟರಿನಷ್ಟು ಓಕುಮಾ ಮತ್ತು ಫುತಾಬಾ ಪಟ್ಟಣಗಳ ತಾತ್ಕಾಲಿಕ ಸಂಗ್ರಹಾಗಾರ ಸೇರಿದೆ. 2045ರ ಮಾರ್ಚ್ ಒಳಗೆ ಅದನ್ನು ಫುಕುಶಿಮಾದ ಹೊರಗೆ ಅಂತಿಮ ವಿಲೇವಾರಿ ಮಾಡಬೇಕೆಂದು ಜಪಾನಿನ ಕಾನೂನು ಹೇಳುತ್ತದೆ. ತೊಳೆದರೆ ಸೀಸಿಯಂ ಬಿಡುವುದಿಲ್ಲವಾದ್ದರಿಂದ, ಮಣ್ಣನ್ನು ಜರಡಿ ಹಿಡಿದು ಮರಳನ್ನು ಬೇರೆ ಮಾಡಿ, ಸೀಸಿಯಂ ಹೆಚ್ಚಾಗಿರುವ ನುಣ್ಣನೆಯ ಜೇಡಿಯನ್ನಷ್ಟೇ ಉಳಿಸಿಕೊಂಡು ರಾಶಿಯ ಗಾತ್ರ ಇಳಿಸುವುದು ಅವರ ಮುಂದಿರುವ ಉಪಾಯಗಳಲ್ಲೊಂದು.