ಆರು ಮನೆಯ ಬಾಡಿಗೆ ಲೆಕ್ಕ

ಮಗಳೇ,

ಕೋಲಾರದ ನರಸಾಪುರದ ಪಕ್ಕದ ಹಳ್ಳಿಯಲ್ಲಿ ಆರು ಮನೆಗಳ ಕಟ್ಟಡ 90 ಲಕ್ಷಕ್ಕೆ ಸಿಗುತ್ತಿದೆ, ಮನೆಗೆ 6,000ದಂತೆ ತಿಂಗಳಿಗೆ 36,000 ರೂಪಾಯಿ ಬಾಡಿಗೆ, ತೆಗೆದುಕೊಳ್ಳಲೇ ಎಂದು ಕೇಳಿದ್ದೀಯ.

ದಲ್ಲಾಳಿ ಹೇಳುವ ಬಾಡಿಗೆ ಬೇರೆ, ಕೈಗೆ ಹತ್ತುವ ಬಾಡಿಗೆ ಬೇರೆ. ಆರೂ ಮನೆಗಳ ಕರಾರು ಪತ್ರ ಕೇಳು. ಅದರಲ್ಲಿ ಒಂದೆರಡು ಮನೆ ಭೋಗ್ಯಕ್ಕೆ ಹೋಗಿದ್ದರೆ ಅಲ್ಲಿಂದ ಬಾಡಿಗೆ ಬರುವುದೇ ಇಲ್ಲ. ಮೇಲಾಗಿ ಭೋಗ್ಯದ ಹಣವನ್ನು ನಾಳೆ ನೀನೇ ಹಿಂತಿರುಗಿಸಬೇಕು. ಅಡ್ವಾನ್ಸಿನ ಕಥೆಯೂ ಅಷ್ಟೆ. ಎರಡನ್ನೂ ಕ್ರಯದ ಹಣದಲ್ಲೇ ಮುರಿದುಕೋ.

ಈಗ ಲೆಕ್ಕ. ವರ್ಷಕ್ಕೆ 4,32,000. ಒಂದು ಮನೆ ಸದಾ ಖಾಲಿ ಎಂದಿಟ್ಟುಕೊಂಡರೆ 72,000 ಹೋಯಿತು. ಪಂಚಾಯಿತಿ ಕಂದಾಯ, ಮೋಟರ್ ರಿಪೇರಿ, ಶೌಚಗುಂಡಿ ಖಾಲಿ ಮಾಡಿಸುವುದು, ಸುಣ್ಣಬಣ್ಣ, ಬಾಡಿಗೆ ವಸೂಲಿಗೆ ಒಬ್ಬ ಆಳು: 80,000 ಇಡು. ಮಿಕ್ಕಿದ್ದು 2,80,000, ಅಂದರೆ ನೂರಕ್ಕೆ ಮೂರು ರೂಪಾಯಿ ಚಿಲ್ಲರೆ. ನೀನು ಮಾಡಹೊರಟ 60 ಲಕ್ಷದ ಸಾಲಕ್ಕೆ ಶೇ. 9ರಂತೆ ಮೊದಲ ವರ್ಷದ ಬಡ್ಡಿಯೇ ಹೆಚ್ಚುಕಡಿಮೆ 5,40,000! ಕಂದಾಯ ಕಳೆದು ಉಳಿದ ಬಾಡಿಗೆಯಲ್ಲಿ ಶೇ. 30ಕ್ಕೆ ಆದಾಯ ತೆರಿಗೆ ವಿನಾಯಿತಿ ಇದೆ, ನಿಜ. ಅದರಿಂದ ಈ ಹಳ್ಳ ತುಂಬುವುದಿಲ್ಲ.

ಅಲ್ಲಿ ಬಾಡಿಗೆಗಿರುವವರು ಹೆಚ್ಚಾಗಿ ನರಸಾಪುರ ಕೈಗಾರಿಕಾ ಪ್ರದೇಶದ ಕೆಲಸಗಾರರು. ಹೋಂಡಾ ಇದೆ, 2023ರಲ್ಲಿ ವಿಸ್ಟ್ರಾನ್‌ನಿಂದ ಟಾಟಾ ಕೊಂಡುಕೊಂಡ ಐಫೋನ್ ಕಾರ್ಖಾನೆ ಇದೆ. 2020ರ ಡಿಸೆಂಬರಿನಲ್ಲಿ ಸಂಬಳದ ವಿಚಾರಕ್ಕೆ ಗಲಾಟೆಯಾಗಿ ಆ ಕಾರ್ಖಾನೆ ಕೆಲಕಾಲ ನಿಂತಿತ್ತು. ಹಾಗಾದಾಗ ಗುತ್ತಿಗೆ ಕೆಲಸದವರು ಗಂಟುಮೂಟೆ ಕಟ್ಟಿ ಊರಿಗೆ ಹೊರಡುತ್ತಾರೆ. ಒಂದು ಮನೆಯಲ್ಲ, ಆರೂ ಒಟ್ಟಿಗೇ ಖಾಲಿಯಾಗಬಹುದು. ಆಸ್ಪತ್ರೆ, ಶಾಲೆಗಳ ನೌಕರರು ಒಂದಿಬ್ಬರಾದರೂ ಇದ್ದಾರೆಯೇ ವಿಚಾರಿಸು.

ನೀರು ನೋಡದೆ ಕೋಲಾರದಲ್ಲಿ ಗೋಡೆ ನೋಡಬೇಡ. ಸಾವಿರ ಅಡಿ ದಾಟಿದ ಕೊಳವೆಬಾವಿಗಳ ಜಿಲ್ಲೆ ಅದು. ಕೆ.ಸಿ. ವ್ಯಾಲಿ ಯೋಜನೆಯಿಂದ 2018ರಿಂದ ಕೆರೆಗಳಿಗೆ ಹರಿಯುತ್ತಿರುವುದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು. ಅಂತರ್ಜಲ ಹೆಚ್ಚಿಸಲು, ಕುಡಿಯಲಿಕ್ಕಲ್ಲ. ಏಪ್ರಿಲ್‌ನಲ್ಲಿ ಹೋಗಿ ಮೋಟರ್ ಹಾಕಿಸಿ ಒಂದು ಗಂಟೆ ಪಕ್ಕದಲ್ಲೇ ನಿಂತುಕೋ. ಟ್ಯಾಂಕರ್ ಎಷ್ಟು ಸಲ ಬರುತ್ತದೆಂದು ಮಾಲೀಕನನ್ನಲ್ಲ, ಬಾಡಿಗೆಗಿರುವ ಹೆಂಗಸರನ್ನು ಕೇಳು.

ಕಾಗದಪತ್ರ ವಕೀಲರ ಕೆಲಸ: ಭೂಪರಿವರ್ತನೆ ಆದೇಶ, ಋಣಭಾರ ಪತ್ರ, ಇ-ಸ್ವತ್ತಿನ ನಮೂನೆ 9 ಮತ್ತು 11ಎ. ಬರೀ 11ಬಿ ತೋರಿಸಿದರೆ ವಕೀಲರನ್ನು ಕೇಳದೆ ಟೋಕನ್ ಹಣ ಕೊಡಬೇಡ.

‘ಜಾಗದ ಬೆಲೆ ಏರುತ್ತದಲ್ಲ’ ಅನ್ನುತ್ತೀಯ. ಅದೇ ಆಸೆಯಿದ್ದರೆ ಖಾಲಿ ಸೈಟು ಕೊಳ್ಳು, ಕಟ್ಟಡದ ರಗಳೆ ಯಾಕೆ?

ನೀರು, ಕಾಗದ ಎರಡೂ ಸರಿಯಿದ್ದು 55 ಲಕ್ಷಕ್ಕೆ ಇಳಿದರೆ ನೂರಕ್ಕೆ ಐದು ಬರುತ್ತದೆ. ಸಾಲವಿಲ್ಲದೆ ಆಗುವುದಾದರೆ ತೆಗೆದುಕೋ. 90ಕ್ಕೆ ಬೇಡ.