ಬರೆಯುವ ಮುನ್ನ

ರೋಣ ತಾಲ್ಲೂಕಿನ ಸವಡಿಯಲ್ಲೋ ಅದರ ಸುತ್ತಲಿನ ಮತ್ತೊಂದು ಎರೆನಾಡಿನ ಊರಿನಲ್ಲೋ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ‘ನಮ್ಮೂರ ನೀರು’ ಎಂಬ ಪ್ರಬಂಧವನ್ನು ಬರೆಯಲು ಕುಳಿತಿದ್ದಾಳೆಂದು ಭಾವಿಸೋಣ. ಆಕೆಯ ಮೊದಲ ವಾಕ್ಯ ಹೀಗಿದೆ: ‘ನೀರು ಸಕಲ ಜೀವಿಗಳಿಗೂ ಆಧಾರವಾದುದು.’ ಮಾತು ಸುಳ್ಳಲ್ಲ. ಆದರೆ ಮಂಗಳೂರಿನ ಹುಡುಗನೂ ಇದನ್ನು ಹೀಗೆಯೇ ಬರೆಯಬಹುದು. ಇದೇ ಧಾಟಿಯಲ್ಲಿ ಎರಡು ಪುಟ ತುಂಬಿದರೂ ಅವುಗಳಲ್ಲಿ ಆ ಊರಿನ ನೀರು ಒಂದು ಹನಿಯೂ ಇರುವುದಿಲ್ಲ.

ಲೇಖನಿಯನ್ನು ಕೆಳಗಿಟ್ಟು ಆಕೆ ಕೇಳಿಕೊಳ್ಳಬೇಕು: ಈ ಬರಹದಿಂದ ಏನಾಗಬೇಕು? ಇದನ್ನು ಓದುವವರು ಯಾರು? ಕೆರೆಯ ಹೂಳೆತ್ತಿಸಬೇಕೆಂಬುದು ಉದ್ದೇಶವಾದರೆ ಓದುವವರು ಗ್ರಾಮ ಪಂಚಾಯಿತಿಯ ಸದಸ್ಯರು. ಕೆರೆ ಎಲ್ಲಿದೆಯೆಂದು ಅವರಿಗೆ ಹೇಳಬೇಕಾಗಿಲ್ಲ. ಯಾವ ತಿಂಗಳಿಗೆ ನೀರು ತಳ ಮುಟ್ಟುತ್ತದೆ, ಒಂದು ಮನೆಗೆ ದಿನಕ್ಕೆ ಎಷ್ಟು ಕೊಡ ಬೇಕು, ಎಷ್ಟು ದೊರೆಯುತ್ತದೆ, ನೀರಿಗಾಗಿ ಮಕ್ಕಳು ಎಷ್ಟು ದಿನ ಶಾಲೆ ತಪ್ಪಿಸುತ್ತಾರೆ ಎಂಬುದನ್ನು ಎಣಿಸಿ ಬರೆಯಬೇಕು. ಅದೇ ವಿಷಯವನ್ನು ಬೆಂಗಳೂರಿನಲ್ಲಿ ಬೆಳೆದ ಚಿಕ್ಕಪ್ಪನ ಮಗನಿಗೆ ತಿಳಿಸುವುದಾದರೆ ಎಲ್ಲವೂ ತಲೆಕೆಳಗಾಗುತ್ತದೆ. ಅವನು ಎರೆಮಣ್ಣನ್ನು ಕಂಡವನಲ್ಲ. ಬೇಸಗೆಯಲ್ಲಿ ಆ ನೆಲ ಕಾಲು ಹೊಗುವಷ್ಟು ಬಿರಿಯುತ್ತದೆಂಬುದನ್ನೂ, ಮಳೆ ಬಿದ್ದೊಡನೆ ಚಕ್ಕಡಿಯ ಗಾಲಿಗೆ ಮೆತ್ತಿಕೊಂಡು ಎತ್ತುಗಳನ್ನೇ ನಿಲ್ಲಿಸುತ್ತದೆಂಬುದನ್ನೂ, ಅನೇಕ ಬಾವಿಗಳ ನೀರು ಸವಳಾದುದರಿಂದ ಜನ ಕುಡಿಯಲು ಮಳೆನೀರಿನ ಕೆರೆಯನ್ನೇ ನೆಚ್ಚಿ ಬಂದರೆಂಬುದನ್ನೂ ಅವನಿಗೆ ಮೊದಲಿನಿಂದ ತಿಳಿಸಬೇಕು.

ನಮ್ಮ ಹಿರಿಯರು ಈ ವಿವೇಕವನ್ನು ಬಲ್ಲವರಾಗಿದ್ದರು. ಕ್ರಿ.ಶ. 850ರ ಸುಮಾರಿನಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ರಚಿಸಿದ ‘ಕವಿರಾಜಮಾರ್ಗ’ವು ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ಅದು ಕನ್ನಡದ ತಿರುಳೆನ್ನುತ್ತದೆ. ಮೊದಲ ಮೂರು ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ. ನಾಲ್ಕನೆಯದು ಬೆಳಗಾವಿ ಜಿಲ್ಲೆಯ ಒಕ್ಕುಂದ. ಭೂಪಟದಲ್ಲಿ ಈ ನಾಲ್ಕನ್ನೂ ಗೆರೆಯೆಳೆದು ಕೂಡಿಸಿದರೆ ರೋಣದ ಸೀಮೆ ಅದರೊಳಗೇ ಬೀಳುತ್ತದೆ. ಕನ್ನಡ ನಾಡವರು ಹದವರಿತು ನುಡಿಯಬಲ್ಲರು, ನುಡಿದುದನ್ನು ಅರಿತು ವಿಚಾರಿಸಬಲ್ಲರು ಎಂದು ಆ ಗ್ರಂಥ ಮೆಚ್ಚಿಕೊಂಡಿದೆ.

ಕೆರೆಗೋ ಗುಡಿಗೋ ಭೂಮಿ ಬಿಟ್ಟ ಹಳೆಯ ಶಾಸನಗಳನ್ನು ನೋಡಿರಿ. ದಾನವಿತ್ತವರಾರು, ಭೂಮಿಯ ಎಲ್ಲೆ ಯಾವುದು ಎಂಬಲ್ಲಿ ಅವುಗಳ ಧ್ವನಿ ಲೆಕ್ಕ ಬರೆಯುವವನದು. ದಾನವನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಗಲುವುದೆಂಬ ಕೊನೆಯ ಭಾಗಕ್ಕೆ ಬಂದರೆ ಧ್ವನಿಯೇ ಬೇರೆ. ಮೊದಲನೆಯದು ಊರವರ ಸಾಕ್ಷಿಗಾಗಿ. ಎರಡನೆಯದು ಇನ್ನೂ ಹುಟ್ಟದಿದ್ದ ಅರಸರಿಗಾಗಿ.

ಧ್ವನಿಯ ವಿಷಯದಲ್ಲಿಯೇ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು. ಪ್ರಬಂಧವೆಂದೊಡನೆ ತಮ್ಮ ಮಾತನ್ನು ಬದಿಗಿಟ್ಟು ‘ಅವರ್ಣನೀಯ’, ‘ಅತ್ಯಮೂಲ್ಯ’ ಎಂಬ ಎರವಲು ಒಡವೆಗಳನ್ನು ತೊಡುತ್ತಾರೆ. ಪಂಚಾಯಿತಿಗೆ ಬರೆಯುವಾಗ ಶಿಷ್ಟ ಭಾಷೆಯೂ ವಿನಯವೂ ಬೇಕು, ನಿಜ. ಆದರೆ ಅಜ್ಜಿ ‘ಕೆರಿ ತುಂಬಿದ್ರ ಊರು ತುಂಬಿದಂಗ’ ಎಂದಿದ್ದರೆ ಅದನ್ನು ತಿದ್ದಿ ಗ್ರಾಂಥಿಕಗೊಳಿಸಬೇಡಿರಿ. ಉದ್ಧರಣ ಚಿಹ್ನೆಯೊಳಗೆ ಅದು ಹಾಗೆಯೇ ಇರಲಿ. ಇದನ್ನು ಒಪ್ಪದ ಅಧ್ಯಾಪಕರೂ ಉಂಟು; ನನಗಂತೂ ಪುಟದ ಉಳಿದ ವಾಕ್ಯಗಳಿಗಿಂತ ಅದೇ ಮೇಲೆನಿಸುತ್ತದೆ.

ಇಷ್ಟು ನಿಶ್ಚಯವಾದ ಮೇಲೆ ಟಿಪ್ಪಣಿ ಸಿದ್ಧಪಡಿಸುವುದು ಕಷ್ಟವಲ್ಲ. ನೆನಪಿಗೆ ಬಂದುದನ್ನೆಲ್ಲ ಒಂದು ಹಾಳೆಯಲ್ಲಿ ಗುರುತಿಸಿಕೊಂಡು, ಓದುವವರಿಗೆ ಬೇಡವಾದುದನ್ನು ಹೊಡೆದುಹಾಕಬೇಕು. ನಮ್ಮ ವಿದ್ಯಾರ್ಥಿನಿ ಪಂಚಾಯಿತಿಯವರಿಗೇ ಬರೆಯಲು ನಿರ್ಧರಿಸಿದಳೆನ್ನೋಣ. ಆಗ ಮೊದಲು ಅಳಿಯುವುದು ಸಕಲ ಜೀವಿಗಳ ವಾಕ್ಯ. ಅದರ ಸ್ಥಳದಲ್ಲಿ ಆಕೆ ಹೀಗೆ ಬರೆಯುತ್ತಾಳೆ: ‘ಕಳೆದ ಮಾರ್ಚ್ ತಿಂಗಳಲ್ಲಿ ನಾನು ಆರು ದಿನ ಶಾಲೆಗೆ ಹೋಗಲಿಲ್ಲ. ಆ ಆರು ದಿನವೂ ಕೊಡ ಹಿಡಿದು ಸಾಲಿನಲ್ಲಿ ನಿಂತಿದ್ದೆ.’