ಬರೆಯುವ ದಿನಗಳಿಗೊಂದು ಆರ್‌ಡಿ

ನನ್ನ ಮೊದಲ ಕಥಾಸಂಕಲನಕ್ಕೆ ಬಂದ ಗೌರವಧನ 11,400 ರೂಪಾಯಿ. ಪುಸ್ತಕದ ಬೆಲೆ 200, ಶೇ 10ರ ಲೆಕ್ಕದಲ್ಲಿ ಪ್ರತಿಗೆ 20 ರೂಪಾಯಿ, ವರ್ಷದಲ್ಲಿ ಖರ್ಚಾದದ್ದು 570 ಪ್ರತಿ. ಅಮ್ಮ ಆ ಚೆಕ್ಕನ್ನು ದೇವರ ಮುಂದಿಟ್ಟು ಮೂಲೆಗೆ ಕುಂಕುಮ ಹಚ್ಚಿದರು. ಅದೇ ವಾರ ಮನೆ ಸಾಲದ ಕಂತು 38,000 ಖಾತೆಯಿಂದ ಹೋಯಿತು.

ಕೆಲಸ ಬಿಟ್ಟು ಬರೆಯುತ್ತಾ ಕೂರಬೇಕೆಂಬ ಆಸೆ ಆಗ ಬಲವಾಗಿತ್ತು. ರಾಜೀನಾಮೆಯನ್ನೂ ಟೈಪ್ ಮಾಡಿಟ್ಟಿದ್ದೆ. ಕಳಿಸಲಿಲ್ಲ. ಸಾವಿರ ಪ್ರತಿಯ ಮುದ್ರಣ ಪೂರ್ತಿ ಮಾರಿಹೋದರೂ ಕೈಗೆ ಬರುವುದು 20,000. ಅದೂ ಮೂರು ವರ್ಷದ ಬರವಣಿಗೆಗೆ. ಯಶವಂತ ಚಿತ್ತಾಲರು ಮುಂಬಯಿಯ ಕಂಪನಿ ಕೆಲಸದಲ್ಲಿದ್ದುಕೊಂಡೇ 1979ರಲ್ಲಿ ‘ಶಿಕಾರಿ’ ಕಾದಂಬರಿ ಕೊಟ್ಟರು. ಆಫೀಸಿನ ಒಳಗಿನ ಭಯವನ್ನು ಅಷ್ಟು ಹತ್ತಿರದಿಂದ ಬರೆಯಲು ಹೊರಗೆ ನಿಂತವರಿಗೆ ಆಗುತ್ತಿತ್ತೇ? ವಸುಧೇಂದ್ರ ಸಾಫ್ಟ್‌ವೇರ್ ಕೆಲಸದ ನಡುವೆಯೇ ಕಥೆ ಬರೆದರು, 2004ರಲ್ಲಿ ‘ಛಂದ ಪುಸ್ತಕ’ ಪ್ರಕಾಶನ ಶುರುಮಾಡಿದರು.

ನನಗೆ ಬೇಕಿದ್ದದ್ದು ಬಿಡುವು. ಬೆಳಗಿನ ಐದರಿಂದ ಏಳರವರೆಗೆ ಅಡುಗೆಮನೆ ಮೇಜಿನಲ್ಲಿ ಸಣ್ಣಕಥೆ ಆಗುತ್ತದೆ, ಕಾದಂಬರಿ ಆಗುವುದಿಲ್ಲ. ಪಾತ್ರವೊಂದು ಬಾಯಿಬಿಡುವ ಹೊತ್ತಿಗೆ ಆಫೀಸ್ ಕ್ಯಾಬ್ ಹಾರ್ನ್ ಮಾಡುತ್ತದೆ. ಹಾಗಾಗಿ ಸಂಬಳದ ಖಾತೆಯಿಲ್ಲದ ಬೇರೆ ಬ್ಯಾಂಕಿನಲ್ಲಿ ತಿಂಗಳಿಗೆ 5,000ದ ಆರ್‌ಡಿ ತೆರೆದೆ. 36 ಕಂತಿಗೆ ಅಸಲು 1,80,000, ಬಡ್ಡಿ ಸೇರಿ ಎರಡು ಲಕ್ಷದ ಹತ್ತಿರ. ಆ ದುಡ್ಡಲ್ಲಿ ಎರಡು ತಿಂಗಳು ಸಂಬಳವಿಲ್ಲದ ರಜೆ ಹಾಕಿದೆ. ಕಂತು, ದಿನಸಿ, ಮಗಳ ಸ್ಕೂಲ್ ವ್ಯಾನ್ ಎಲ್ಲ ಅದರಲ್ಲೇ ನಡೆಯಿತು. ಕಾದಂಬರಿಯ ಮೊದಲ ಕರಡು ಮುಗಿಯಿತು.

ಇಂಥ ರಜೆಯಲ್ಲಿ ಪಿಎಫ್‌ಗೆ ಕಂಪನಿಯ ಪಾಲೂ ಬರುವುದಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಆರೋಗ್ಯ ವಿಮೆ ಮುಂದುವರಿಯುತ್ತದೆಯೇ ಎಂದು ಎಚ್‌ಆರ್ ಹತ್ತಿರ ಕೇಳಿಕೊಳ್ಳಿ. ಪುಸ್ತಕ ತರಲು ಕಂಪನಿಯ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ.

ಗೌರವಧನ ಎಷ್ಟೇ ಚಿಕ್ಕದಿರಲಿ, ರಿಟರ್ನ್ಸ್‌ನಲ್ಲಿ ತೋರಿಸಬೇಕು. 1961ರ ಆದಾಯ ತೆರಿಗೆ ಕಾಯ್ದೆಯ 80ಕ್ಯೂಕ್ಯೂಬಿ ಸೆಕ್ಷನ್ ಸಾಹಿತ್ಯ ಕೃತಿಯ ಗೌರವಧನಕ್ಕೆ 3 ಲಕ್ಷದವರೆಗೆ ವಿನಾಯಿತಿ ಕೊಟ್ಟಿತ್ತು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಅದು ಸಿಗಲಿಲ್ಲ. ನನ್ನಂತೆ ಹನ್ನೊಂದು ಸಾವಿರ ಬರುವವರು ಅದೊಂದಕ್ಕಾಗಿ ಹಳೆಯ ಪದ್ಧತಿಗೆ ಹೋಗುವುದರಲ್ಲಿ ಅರ್ಥವಿಲ್ಲ.

ಕರಡು ತಿದ್ದಲು ಇನ್ನೊಂದು ರಜೆ ಬೇಕು. ಎರಡನೆಯ ಆರ್‌ಡಿಯ ಹದಿನಾಲ್ಕನೇ ಕಂತು ಈ ತಿಂಗಳ 5ಕ್ಕೆ ಕಟ್ಟಿದೆ.